ಟ್ರಕ್ಕಿನಲ್ಲಿ ಸಿ.ಬಿ. ರೇಡಿಯೋ: ದನಿ ನಿಜಕ್ಕೂ ಎಷ್ಟು ದೂರ ಹೋಗುತ್ತದೆ?

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಹಬ್ಬಹರಿದಿನಗಳ ವಿಚಾರಗಳನ್ನೇ ಹೆಚ್ಚಾಗಿ ಕೇಳುವ ಈ ವೇದಿಕೆಯಲ್ಲಿ ಟ್ರಕ್ಕಿನ ರೇಡಿಯೋ ಕುರಿತು ಉಪನ್ಯಾಸವೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳ ಮುಂದೆ ಪಿಕಪ್ ಟ್ರಕ್ಕುಗಳು ಈಗ ಅಪರೂಪವಲ್ಲ. ಬೇಸಿಗೆಯ ರಜೆ ಬಂದೊಡನೆ ಹಿಂದೊಂದು ಟ್ರೈಲರನ್ನು ಕಟ್ಟಿಕೊಂಡು, ಎರಡು ಮೂರು ಕುಟುಂಬಗಳು ಕೂಡಿ, ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಹೊರಡುವವರಿದ್ದಾರೆ. ಆ ದಾರಿಗಳಲ್ಲಿ ಮೊಬೈಲ್ ಫೋನು ಮೂಕವಾಗಿಬಿಡುವ ಮೈಲಿಗಳು ಎಷ್ಟೋ ಇವೆ. ಅಂಥ ಕಡೆ ನೆರವಿಗಿರಲಿ ಎಂದು ಸಿ.ಬಿ. ರೇಡಿಯೋ ಕೊಂಡವರೂ, ಕೊಳ್ಳಬೇಕೆಂದು ಯೋಚಿಸುತ್ತಿರುವವರೂ ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಎಷ್ಟು ದೂರ ಕೇಳಿಸುತ್ತದೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸರಿಯಾಗಿ ಅಳವಡಿಸಿದ ಎರಡು ಟ್ರಕ್ಕುಗಳ ನಡುವೆ, ಬಯಲುಸೀಮೆಯ ತೆರೆದ ಹೆದ್ದಾರಿಯಲ್ಲಿ, ಸುಮಾರು ೫ರಿಂದ ೭ ಮೈಲಿ, ಎಂದರೆ ೮ರಿಂದ ೧೧ ಕಿಲೋಮೀಟರ್. ಗುಡ್ಡಗಾಡಿನಲ್ಲಿ, ದಟ್ಟವಾದ ಕಾಡಿನಲ್ಲಿ, ಅಥವಾ ನಗರದೊಳಗೆ ೧ರಿಂದ ೩ ಮೈಲಿ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟನ್ನು ವಾಹನದೊಳಗೆ ಕುಳಿತು ಬಳಸಿದರೆ ಒಂದು ಮೈಲಿಯನ್ನು ದಾಟುವುದೂ ಕಷ್ಟ. ಅಂಗಡಿಯವನು ೨೦ ಮೈಲಿ ಎಂದು ಹೇಳಿದ್ದರೆ ಅದು ಸಂಪೂರ್ಣ ಸುಳ್ಳೇನಲ್ಲ. ಒಂದು ಬೆಟ್ಟದ ನೆತ್ತಿಯಿಂದ ಕಣಿವೆಯಾಚೆಯ ಇನ್ನೊಂದು ಬೆಟ್ಟದ ನೆತ್ತಿಗೆ ಮಾತನಾಡುವಾಗ ಅಷ್ಟು ದೂರ ಹೋಗುವುದುಂಟು. ಆದರೆ ಹಿಮಗಾಳಿಯಲ್ಲಿ ರಸ್ತೆಯ ಪಕ್ಕದಲ್ಲಿ ಸಿಕ್ಕಿಬಿದ್ದ ಮನುಷ್ಯನು ಬೆಟ್ಟದ ನೆತ್ತಿಯಲ್ಲಿ ನಿಂತಿರುವುದಿಲ್ಲ. ತನ್ನ ದನಿ ೨೦ ಮೈಲಿ ಮುಟ್ಟುತ್ತಿದೆ ಎಂದು ನಂಬಿ ಕುಳಿತವನಿಗೂ, ೪ ಮೈಲಿ ಮುಟ್ಟಿದರೆ ಹೆಚ್ಚು ಎಂದು ತಿಳಿದು ನಡೆದುಕೊಂಡವನಿಗೂ ಅಂಥ ಹೊತ್ತಿನಲ್ಲಿ ಇರುವ ಅಂತರ ಸಣ್ಣದಲ್ಲ. ಆದುದರಿಂದ ಈ ಅಂಕಿಗಳು ಎಲ್ಲಿಂದ ಬಂದವು, ಅವುಗಳಲ್ಲಿ ಯಾವ ಭಾಗವನ್ನು ನಮ್ಮ ಕೈಯಿಂದ ಹಿಗ್ಗಿಸಲು ಸಾಧ್ಯ, ಯಾವ ಭಾಗವು ಯಾರಿಂದಲೂ ಹಿಗ್ಗದು ಎಂಬುದನ್ನು ವಿಚಾರಿಸೋಣ.

ಚರಿತ್ರೆಯನ್ನು ಚಿಕ್ಕದಾಗಿ ಹೇಳುವುದಾದರೆ, ಸಿ.ಬಿ. ಎಂದರೆ ಸಿಟಿಜನ್ಸ್ ಬ್ಯಾಂಡ್. ಪರವಾನಗಿಯ ಪರೀಕ್ಷೆಗಳಿಲ್ಲದೆ ಸಾಮಾನ್ಯ ನಾಗರಿಕರು ಬಳಸಬಹುದಾದ ರೇಡಿಯೋ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಸಂಸ್ಥೆಯು ೧೯೫೮ರಲ್ಲಿ ೨೭ ಮೆಗಾಹರ್ಟ್ಸ್ ಆಸುಪಾಸಿನ ೨೩ ಚಾನೆಲ್‌ಗಳನ್ನು ಇದಕ್ಕಾಗಿ ಬಿಟ್ಟುಕೊಟ್ಟಿತು. ೧೯೭೩ರ ತೈಲ ಬಿಕ್ಕಟ್ಟು ಬಂದು, ಮರುವರ್ಷ ದೇಶದಾದ್ಯಂತ ೫೫ ಮೈಲಿಯ ವೇಗಮಿತಿ ಜಾರಿಯಾದಾಗ, ಡೀಸೆಲ್ ಎಲ್ಲಿ ದೊರೆಯುತ್ತದೆ, ಪೊಲೀಸರು ಎಲ್ಲಿ ಕಾದಿದ್ದಾರೆ ಎಂಬ ಸುದ್ದಿಯನ್ನು ಟ್ರಕ್ ಚಾಲಕರು ಈ ರೇಡಿಯೋ ಮೂಲಕವೇ ಹಂಚಿಕೊಂಡರು. ಜನಪ್ರಿಯತೆ ಎಷ್ಟೆಂದರೆ ೧೯೭೭ರ ಜನವರಿ ೧ರಿಂದ ಚಾನೆಲ್‌ಗಳನ್ನು ೪೦ಕ್ಕೆ ಏರಿಸಬೇಕಾಯಿತು; ೧೯೮೩ರಲ್ಲಿ ಪರವಾನಗಿಯನ್ನೇ ಕೈಬಿಡಲಾಯಿತು. ಮೊಬೈಲ್ ಫೋನು ಬಂದ ಮೇಲೆ ಮನೆಗಳಲ್ಲಿ ಸಿ.ಬಿ. ಮರೆಯಾದರೂ ಹೆದ್ದಾರಿಯಲ್ಲಿ ೧೯ನೆಯ ಚಾನೆಲ್ ಇನ್ನೂ ಜೀವಂತವಾಗಿದೆ. ವಾಣಿಜ್ಯ ವಾಹನಗಳ ಚಾಲಕರು ಫೋನನ್ನು ಕೈಯಲ್ಲಿ ಹಿಡಿದು ಮಾತನಾಡಬಾರದೆಂದು ೨೦೧೨ರಲ್ಲಿ ಬಂದ ಕೇಂದ್ರ ನಿಯಮವು ಸಿ.ಬಿ. ರೇಡಿಯೋವನ್ನು ಆ ನಿಷೇಧದೊಳಗೆ ಸೇರಿಸಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಹಿರಿಯರಿಗೆ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಕೇಂದ್ರ ನೆನಪಿರಬಹುದು. ಅದರ ಆವರ್ತಾಂಕ ೬೧೨ ಕಿಲೋಹರ್ಟ್ಸ್, ತರಂಗದೂರ ೪೯೦ ಮೀಟರ್. ಅಷ್ಟು ನೀಳವಾದ ಅಲೆಯು ನೆಲವನ್ನು ತಬ್ಬಿಕೊಂಡಂತೆ, ಭೂಮಿಯ ಬಾಗನ್ನು ಅನುಸರಿಸಿ ಸಾಗುತ್ತದೆ. ಪ್ರಸಾರ ಕೇಂದ್ರದ ಭಾರಿ ಶಕ್ತಿಯೂ ಜೊತೆಗಿರುತ್ತದೆ. ಆದ್ದರಿಂದಲೇ ಹಳ್ಳಿಯ ಜಗುಲಿಯ ಮೇಲಿನ ಟ್ರಾನ್ಸಿಸ್ಟರಿನಲ್ಲಿ ಕೃಷಿರಂಗವು ದೂರದ ಜಿಲ್ಲೆಗಳಿಗೂ ಕೇಳಿಸುತ್ತಿತ್ತು. ಸಿ.ಬಿ.ಯ ಅಲೆ ಹಾಗಲ್ಲ. ೨೭ ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಕೇವಲ ೧೧ ಮೀಟರ್. ಅದು ನೆಲದ ಬಾಗಿಗೆ ತುಸು ಮಣಿಯುತ್ತದೆಯೇ ಹೊರತು ಬಹಳ ದೂರ ಹಿಂಬಾಲಿಸುವುದಿಲ್ಲ. ಮಣ್ಣು, ಮರ, ಕಟ್ಟಡಗಳು ಅದನ್ನು ಬೇಗನೆ ಹೀರಿಕೊಳ್ಳುತ್ತವೆ. ಆದಕಾರಣ ಸಿ.ಬಿ.ಯ ಮಾತು ಹೆಚ್ಚು ಕಡಿಮೆ ದಿಗಂತದವರೆಗಿನ ಮಾತು.

ದಿಗಂತವೆಷ್ಟು ದೂರ ಎಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ರೇಡಿಯೋ ದಿಗಂತವು ಕಿಲೋಮೀಟರುಗಳಲ್ಲಿ ಸಿಗುತ್ತದೆ. ದೊಡ್ಡ ಟ್ರಕ್ಕಿನ ಆಂಟೆನಾ ಸುಮಾರು ೪ ಮೀಟರ್ ಎತ್ತರದಲ್ಲಿರುವುದರಿಂದ ಅದರ ದಿಗಂತ ೮ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಎದುರಿನವನದೂ ಅಂಥದೇ ಟ್ರಕ್ಕಾದರೆ ಅವನ ೮ ಕಿಲೋಮೀಟರ್ ಕೂಡಿ ಒಟ್ಟು ೧೬. ಪಿಕಪ್ ಟ್ರಕ್ಕಿನ ಆಂಟೆನಾವನ್ನು ಎರಡೂಕಾಲು ಮೀಟರ್ ಎತ್ತರವೆಂದು ಹಿಡಿದರೆ ದಿಗಂತ ೬ ಕಿಲೋಮೀಟರ್. ಎರಡು ಪಿಕಪ್‌ಗಳ ನಡುವೆ ೧೨. ಇದು ನೆಲ ಸಮತಟ್ಟಾಗಿದ್ದು, ನಡುವೆ ಒಂದು ಗಿಡವೂ ಇಲ್ಲದಿದ್ದರೆ ಸಿಗುವ ಮೇಲ್ಮಿತಿಯ ಲೆಕ್ಕ. ನಿಜವಾದ ಹೆದ್ದಾರಿಯಲ್ಲಿ ಇದರ ಅರ್ಧದಿಂದ ಮುಕ್ಕಾಲು ಭಾಗ ದೊರೆತರೆ ನಮ್ಮ ಸೆಟ್ಟು ಚೆನ್ನಾಗಿದೆಯೆಂದೇ ತಿಳಿಯಬೇಕು. ಈ ಲೆಕ್ಕದಲ್ಲಿ ವಾಟ್ ಎಂಬ ಮಾತೇ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಆದರೂ ನಮ್ಮ ಜನ ಮೊದಲು ಕೇಳುವುದು ವಾಟನ್ನೇ. ಕಾನೂನಿನ ಪ್ರಕಾರ ಸಿ.ಬಿ.ಯ ಮಿತಿ ಸಾಮಾನ್ಯ ಎ.ಎಂ. ಮಾದರಿಯಲ್ಲಿ ೪ ವಾಟ್, ಸಿಂಗಲ್ ಸೈಡ್‌ಬ್ಯಾಂಡ್ ಮಾದರಿಯಲ್ಲಿ ಶಿಖರಮಟ್ಟದ ೧೨ ವಾಟ್. ಮೂವತ್ತು ಡಾಲರಿನ ಸೆಟ್ಟಿಗೂ ಮುನ್ನೂರು ಡಾಲರಿನ ಸೆಟ್ಟಿಗೂ ಎ.ಎಂ.ನಲ್ಲಿ ಮಿತಿ ಅದೇ ೪ ವಾಟ್. ಹೆಚ್ಚು ಹಣಕ್ಕೆ ಸಿಗುವುದು ಒಳ್ಳೆಯ ಕಿವಿ, ಗದ್ದಲವನ್ನು ಸೋಸುವ ಜಾಣ್ಮೆ, ಗಟ್ಟಿಯಾದ ಮೈ, ದೂರವಲ್ಲ. ಟ್ರಕ್ ಸ್ಟಾಪುಗಳ ಸುತ್ತಮುತ್ತ ಶಕ್ತಿವರ್ಧಕ ಪೆಟ್ಟಿಗೆಗಳ ಮಾತು ಕಿವಿಗೆ ಬೀಳುತ್ತದೆ. ೧೦೦ ವಾಟ್, ೨೦೦ ವಾಟ್ ಎಂದು ಆಸೆ ಹುಟ್ಟಿಸುತ್ತಾರೆ. ಅವು ಸಿ.ಬಿ.ಯಲ್ಲಿ ಕಾನೂನುಬಾಹಿರವೆಂಬುದು ಒಂದು ಮಾತು. ಕಾನೂನನ್ನು ಬದಿಗಿಟ್ಟು ಬರಿಯ ಭೌತಶಾಸ್ತ್ರವನ್ನು ಕೇಳಿದರೂ ಅವು ದುಡ್ಡಿಗೆ ತಕ್ಕ ದೂರವನ್ನು ಕೊಡುವುದಿಲ್ಲ. ಎರಡೂ ಆಂಟೆನಾಗಳು ನೆಲಕ್ಕೆ ಹತ್ತಿರದಲ್ಲಿರುವಾಗ ಅಲೆಯ ಬಲವು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತ ಹೋಗುತ್ತದೆ. ಸರಳವಾಗಿ ಹೇಳಬೇಕಾದರೆ, ದೂರವನ್ನು ಇಮ್ಮಡಿ ಮಾಡಲು ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಾಲದು, ಹದಿನಾರು ಪಟ್ಟು ಮಾಡಬೇಕು: ೪ ವಾಟ್ ಇದ್ದದ್ದು ೬೪ ವಾಟ್ ಆಗಬೇಕು. ಶಕ್ತಿಯನ್ನು ಬರೀ ಇಮ್ಮಡಿ ಮಾಡಿದರೆ ಕೇಳುವವನ ಸೆಟ್ಟಿನ ಮುಳ್ಳು ಅರ್ಧ ಗೀಟು ಮೇಲೇಳುತ್ತದೆ, ಅಷ್ಟೆ. ೧೦೦ ವಾಟಿನ ಪೆಟ್ಟಿಗೆಯಿಂದ ದೂರವು ಎರಡೂಕಾಲು ಪಟ್ಟು ಆಗಬಹುದು, ಅದೂ ದಿಗಂತ ಮತ್ತು ಗುಡ್ಡಗಳು ದಾರಿ ಬಿಟ್ಟರೆ.

ಇದಕ್ಕಿಂತ ದೊಡ್ಡ ತೊಡಕು ಬೇರೆಯದು. ಶಕ್ತಿವರ್ಧಕವು ನಮ್ಮ ಬಾಯಿಯನ್ನು ಹಿಗ್ಗಿಸುತ್ತದೆಯೇ ಹೊರತು ಕಿವಿಯನ್ನಲ್ಲ. ನಾವು ೧೦ ಮೈಲಿ ದೂರದವನಿಗೆ ಕೇಳಿಸುತ್ತೇವೆ. ಅವನು ೪ ವಾಟಿನಲ್ಲಿ ಕೊಟ್ಟ ಉತ್ತರ ನಮಗೆ ಕೇಳಿಸುವುದಿಲ್ಲ. ಇಂಥ ಚಾಲಕನಿಗೆ ಸಿ.ಬಿ. ಬಳಗದವರು ಇಟ್ಟ ಹೆಸರು ಅಲಿಗೇಟರ್, ಅರ್ಥಾತ್ ಮೊಸಳೆ: ದೊಡ್ಡ ಬಾಯಿ, ಕಿವಿ ಮಾತ್ರ ಇಲ್ಲ. ಕನ್ನಡದಲ್ಲಿ ಇದಕ್ಕೊಂದು ಹೆಸರಿಟ್ಟರೆ ಬೇರೆ ಕೆಲವರಿಗೂ ಒಪ್ಪೀತು. ಸಹಾಯಕ್ಕಾಗಿ ಕೂಗುವವನಿಗೆ ಉತ್ತರ ಕೇಳಿಸದಿದ್ದರೆ ಕೂಗಿ ಅರ್ಧ ಪ್ರಯೋಜನವೇ. ಆದುದರಿಂದ ಬಾಯಿಗೂ ಕಿವಿಗೂ ಏಕಕಾಲದಲ್ಲಿ ಬಲ ಕೊಡುವ ವಸ್ತು ಯಾವುದೆಂದು ಹುಡುಕಬೇಕು. ಅದು ಆಂಟೆನಾ. ಕೆಟ್ಟ ಆಂಟೆನಾ ತೆಗೆದು ಒಳ್ಳೆಯದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಹೋಗುವ ಮಾತೂ ಬರುವ ಮಾತೂ ಒಂದೇ ಪ್ರಮಾಣದಲ್ಲಿ ಬಲಗೊಳ್ಳುತ್ತವೆ. ನಮ್ಮ ಅಭಿಪ್ರಾಯದಲ್ಲಿ ಕೈಯಲ್ಲಿ ನೂರೈವತ್ತು ಡಾಲರ್ ಇದ್ದರೆ ಐವತ್ತನ್ನು ಸೆಟ್ಟಿಗೂ ಉಳಿದ ನೂರನ್ನು ಆಂಟೆನಾ, ಅದರ ಕಾಲು, ಕೇಬಲ್‌ಗಳಿಗೂ ಖರ್ಚು ಮಾಡುವುದು ಜಾಣತನ. ಬಹುತೇಕ ಜನ ಇದರ ತಿರುವುಮುರುವು ಮಾಡುತ್ತಾರೆ.

ಆಂಟೆನಾದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಸ್ವಾಭಾವಿಕವಾಗಿ ಅನುರಣಿಸುವ ಸರಳ ಆಂಟೆನಾ ತರಂಗದೂರದ ಕಾಲುಭಾಗ ಉದ್ದವಿರಬೇಕು. ೧೧ ಮೀಟರಿನ ಕಾಲುಭಾಗವೆಂದರೆ ಎರಡೂಮುಕ್ಕಾಲು ಮೀಟರ್, ೯ ಅಡಿ. ೧೦೨ ಇಂಚಿನ ಉಕ್ಕಿನ ಕಡ್ಡಿಯೊಂದು, ಅದರ ಬುಡದಲ್ಲಿ ೬ ಇಂಚಿನ ಸ್ಪ್ರಿಂಗು, ಇವೆರಡೂ ಸೇರಿದರೆ ಈ ಉದ್ದ ಬರುತ್ತದೆ. ವಾಹನಗಳಿಗೆ ಇದಕ್ಕಿಂತ ಉತ್ತಮವಾದುದು ಇಲ್ಲವೆಂಬುದು ಹಳಬರ ಮತ. ಆದರೆ ಪೂರ್ವದ ಬಹುತೇಕ ರಾಜ್ಯಗಳಲ್ಲಿ ಟ್ರಕ್ಕಿನ ಎತ್ತರಕ್ಕೆ ೧೩ ಅಡಿ ೬ ಇಂಚಿನ ಮಿತಿಯಿದೆ. ಸೇತುವೆಗಳು, ಪೆಟ್ರೋಲ್ ಬಂಕುಗಳ ಮಾಡುಗಳು ಅದಕ್ಕೆ ತಕ್ಕಂತೆಯೇ ಇವೆ. ಟ್ರಕ್ಕಿನ ನೆತ್ತಿಯ ಮೇಲೆ ೯ ಅಡಿ ಕಡ್ಡಿ ನಿಲ್ಲಿಸುವುದು ಆಗದ ಮಾತು. ಆದ್ದರಿಂದ ೩, ೪, ೫ ಅಡಿಯ ಕುಳ್ಳ ಆಂಟೆನಾಗಳು ಬಂದವು. ಕಡಿಮೆಯಾದ ಉದ್ದವನ್ನು ಅವು ತಂತಿಯ ಸುರುಳಿಯಿಂದ ತುಂಬಿಕೊಳ್ಳುತ್ತವೆ. ಸುರುಳಿಯು ರೇಡಿಯೋವನ್ನು ಒಪ್ಪಿಸುತ್ತದೆ ನಿಜ, ಆದರೆ ಶಕ್ತಿಯ ಒಂದು ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಆಂಟೆನಾ ಎಷ್ಟು ಕುಳ್ಳಗಾದರೆ ನಷ್ಟ ಅಷ್ಟು ಹೆಚ್ಚು. ಒಂದೂವರೆ ಅಡಿಯ ಚೆಂದದ ಆಂಟೆನಾ ಕೊಂಡು ಎರಡು ಮೈಲಿಯೂ ಕೇಳಿಸುವುದಿಲ್ಲವೆಂದು ಸೆಟ್ಟನ್ನು ಬೈಯುವುದು ನ್ಯಾಯವಲ್ಲ. ೪ ಅಡಿಗಿಂತ ಕಡಿಮೆಯದನ್ನು ಕೊಳ್ಳಬೇಡಿ ಎಂಬುದು ನಮ್ಮ ಸಲಹೆ.

ಆಂಟೆನಾ ಎಂಬುದು ಕಡ್ಡಿಯೊಂದೇ ಅಲ್ಲ. ಅದರ ಕೆಳಗಿರುವ ಲೋಹವು ಅದರ ಉಳಿದರ್ಧ. ಕಡ್ಡಿಯಲ್ಲಿ ಹರಿಯುವ ವಿದ್ಯುತ್ತಿಗೆ ಪ್ರತಿಯಾಗಿ ವಾಹನದ ಲೋಹದ ಮೈಯಲ್ಲೂ ವಿದ್ಯುತ್ತು ಹರಿಯಬೇಕು. ಆದುದರಿಂದ ಪಿಕಪ್ಪಿನಲ್ಲಿ ಅತ್ಯುತ್ತಮವಾದ ಸ್ಥಳ ಕ್ಯಾಬಿನ ಮಾಡಿನ ನಡುಭಾಗ. ಸುತ್ತಲೂ ಲೋಹವು ಸಮನಾಗಿರುವುದರಿಂದ ದನಿಯು ನಾಲ್ಕೂ ದಿಕ್ಕಿಗೆ ಸಮನಾಗಿ ಹರಡುತ್ತದೆ. ಮೂಲೆಯಲ್ಲಿ ನಿಲ್ಲಿಸಿದರೆ ಎದುರು ಮೂಲೆಯ ಕಡೆಗೆ, ಎಂದರೆ ಲೋಹ ಹೆಚ್ಚಿರುವ ಕಡೆಗೆ, ದನಿ ವಾಲುತ್ತದೆ. ಬಂಪರಿಗೆ ಕಟ್ಟಿದರೆ ವಾಹನದ ಮೈಯೇ ಅದಕ್ಕೆ ಗೋಡೆಯಾಗುತ್ತದೆ. ಎಲ್ಲಿ ನಿಲ್ಲಿಸಿದರೂ ಕಡ್ಡಿಯ ಅರ್ಧಕ್ಕಿಂತ ಹೆಚ್ಚು ಭಾಗ, ಸುರುಳಿಯಿದ್ದರೆ ಸುರುಳಿಯೂ, ಮಾಡಿನ ಮಟ್ಟಕ್ಕಿಂತ ಮೇಲಿರಬೇಕು.

ಆಯಸ್ಕಾಂತದ ಕಾಲಿರುವ ಆಂಟೆನಾಗಳು ಮಾಡಿಗೆ ತೂತು ಕೊರೆಯಲು ಮನಸ್ಸಿಲ್ಲದವರಿಗೆ ಅನುಕೂಲ. ಉಕ್ಕಿನ ಮಾಡಾದರೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ೨೦೧೫ರ ಮಾದರಿಯಿಂದೀಚೆಗೆ ಫೋರ್ಡ್ ಎಫ್-೧೫೦ ಟ್ರಕ್ಕಿನ ಮೈ ಅಲ್ಯೂಮಿನಿಯಂನದು. ಅದಕ್ಕೆ ಆಯಸ್ಕಾಂತ ಅಂಟುವುದೇ ಇಲ್ಲ. ಅಂಥ ವಾಹನಗಳಿಗೆ ತಿರುಪು ಬಿಗಿದ ಕಾಲೇ ಬೇಕು. ಅಲ್ಯೂಮಿನಿಯಂ ವಿದ್ಯುತ್ತಿಗೆ ಒಳ್ಳೆಯ ದಾರಿಯಾದ್ದರಿಂದ ಆಂಟೆನಾಗೆ ಅದರಿಂದ ತೊಂದರೆಯಿಲ್ಲ. ತೊಂದರೆಯಿರುವುದು ಫೈಬರ್‌ಗ್ಲಾಸಿನಿಂದ. ಗಾಳಿಯನ್ನು ಸೀಳಲೆಂದು ಈಚಿನ ದೊಡ್ಡ ಟ್ರಕ್ಕುಗಳ ಮಾಡು, ಮುಂಭಾಗಗಳನ್ನು ಬಹಳವಾಗಿ ಫೈಬರ್‌ಗ್ಲಾಸು, ಪ್ಲಾಸ್ಟಿಕ್ಕುಗಳಿಂದ ಮಾಡುತ್ತಾರೆ. ನೋಡಲು ಗಟ್ಟಿಮುಟ್ಟು, ವಿದ್ಯುತ್ತಿಗೆ ಮಾತ್ರ ಅದು ಗಾಳಿಯಿದ್ದಂತೆ. ಅಲ್ಲಿ ಕನ್ನಡಿಯ ತೋಳಿಗೆ ಆಂಟೆನಾ ಕಟ್ಟಿ, ಆ ತೋಳಿನಿಂದ ಚಾಸಿಯವರೆಗೆ ಹೆಣೆದ ತಾಮ್ರದ ಪಟ್ಟಿಯನ್ನು ಎಳೆದು ಬಿಗಿಯಬೇಕು. ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ಲೋಹ ತಾಗುವಂತೆ ನೋಡಿಕೊಳ್ಳಬೇಕು. ಇದಾಗದಿದ್ದರೆ ಲೋಹದ ಆಧಾರವನ್ನೇ ಬೇಡದ, ತನ್ನದೇ ಕೇಬಲ್ಲಿನೊಡನೆ ಬರುವ ವಿಶೇಷ ಆಂಟೆನಾಗಳಿವೆ. ದೂರ ತುಸು ಕಡಿಮೆಯಾದರೂ ಮರ್ಯಾದೆಯಿಂದ ನಡೆಯುತ್ತವೆ.

ಎರಡು ಕನ್ನಡಿಗಳಿಗೆ ಎರಡು ಆಂಟೆನಾ ಕಟ್ಟಿದ ಟ್ರಕ್ಕುಗಳನ್ನು ತಾವೆಲ್ಲ ನೋಡಿರುತ್ತೀರಿ. ಒಂದಕ್ಕಿಂತ ಎರಡು ಲೇಸೆಂಬ ಭಾವನೆಯಿಂದ ಪಿಕಪ್ಪಿನವರೂ ಅದನ್ನು ಅನುಕರಿಸುತ್ತಾರೆ. ಇದು ದಂಡ. ಜೋಡಿ ಆಂಟೆನಾಗಳು ನಡುವೆ ೯ ಅಡಿಯಷ್ಟು ಅಂತರವಿದ್ದಾಗ ಮುಂದಕ್ಕೂ ಹಿಂದಕ್ಕೂ ದನಿಯನ್ನು ಸ್ವಲ್ಪ ಒತ್ತಿ ಕಳುಹಿಸಿ, ಎಡಬಲಗಳಲ್ಲಿ ತಗ್ಗಿಸುತ್ತವೆ. ಹೆದ್ದಾರಿಯಲ್ಲಿ ಬೇಕಾದುದು ಮುಂದೆ ಹಿಂದೆಯೇ ಆದ್ದರಿಂದ ಅಗಲವಾದ ಟ್ರಕ್ಕಿಗೆ ಅದು ಒಪ್ಪುತ್ತದೆ. ೬ ಅಡಿ ಅಗಲದ ಪಿಕಪ್ಪಿನಲ್ಲಿ ಅವು ಒಂದಕ್ಕೊಂದು ಅಡ್ಡಬರುವುದೇ ಹೆಚ್ಚು. ಒಂದೇ ಆಂಟೆನಾ, ಮಾಡಿನ ನಡುವೆ: ಅಷ್ಟು ಸಾಕು.

ಕೇಬಲ್ಲಿನ ವಿಚಾರದಲ್ಲಿ ಒಂದು ಮೂಢನಂಬಿಕೆ ಬಲವಾಗಿ ಬೇರೂರಿದೆ: ಅದು ಸರಿಯಾಗಿ ೧೮ ಅಡಿಯೇ ಇರಬೇಕಂತೆ. ೧೮ ಅಡಿಯೆಂದರೆ ಐದೂವರೆ ಮೀಟರ್, ತರಂಗದೂರದ ಅರ್ಧ. ಲೆಕ್ಕ ಅಲ್ಲಿಂದ ಬಂದಿರಬೇಕು. ಆದರೆ ಸಾಮಾನ್ಯ ಕೇಬಲ್ಲಿನೊಳಗೆ ಅಲೆಯ ವೇಗವು ಬಯಲಿನ ವೇಗದ ಮೂರರಲ್ಲಿ ಎರಡು ಭಾಗ ಮಾತ್ರ. ಆದಕಾರಣ ಅಲ್ಲಿ ಅರ್ಧ ತರಂಗವೆಂದರೆ ೧೨ ಅಡಿ, ೧೮ ಅಲ್ಲ. ಆಂಟೆನಾ, ಅದರ ಆಧಾರ ಎರಡೂ ಸರಿಯಿದ್ದರೆ ಕೇಬಲ್ ಎಷ್ಟುದ್ದವಿದ್ದರೂ ನಡೆಯುತ್ತದೆ. ಬಾಗಿಲ ಸಂದಿಯಲ್ಲಿ ಜಜ್ಜಿಹೋಗದಂತೆ, ತುದಿಯಲ್ಲಿ ನೀರಿಳಿಯದಂತೆ ಕಾಪಾಡಿಕೊಂಡರೆ ಆಯಿತು.

ಇನ್ನು ಹೊಂದಾಣಿಕೆ. ಸೆಟ್ಟು ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಭಾಗವನ್ನು ಆಂಟೆನಾ ಒಲ್ಲೆನೆಂದು ಹಿಂದಿರುಗಿಸುತ್ತದೆ ಎಂಬುದನ್ನು ಎಸ್.ಡಬ್ಲ್ಯು.ಆರ್. ಮೀಟರು ತೋರಿಸುತ್ತದೆ. ಓದು ೩ ಬಂದರೆ ನೂರಕ್ಕೆ ೨೫ ಪಾಲು ಹಿಂದಕ್ಕೆ. ೨ ಬಂದರೆ ೧೧. ಒಂದೂವರೆ ಬಂದರೆ ಕೇವಲ ೪. ಒಂದೂವರೆಗೆ ಇಳಿದ ಮೇಲೆ ೧.೧ಕ್ಕೆ ತರಬೇಕೆಂದು ಇಡೀ ಭಾನುವಾರವನ್ನು ಕಳೆಯುವವರಿದ್ದಾರೆ. ಆ ಶ್ರಮದ ಫಲ ಕಿವಿಗೆ ಗೊತ್ತಾಗುವುದಿಲ್ಲ. ಅಳೆಯುವ ಕ್ರಮ ಹೀಗಿದೆ. ಮರ, ಗೋಡೆ, ಗರಾಜುಗಳಿಂದ ದೂರ ವಾಹನ ನಿಲ್ಲಿಸಿ, ಬಾಗಿಲುಗಳನ್ನು ಮುಚ್ಚಿ, ೧ನೆಯ ಚಾನೆಲಿನಲ್ಲೂ ೪೦ನೆಯ ಚಾನೆಲಿನಲ್ಲೂ ಓದನ್ನು ನೋಡಬೇಕು. ೪೦ರಲ್ಲಿ ಹೆಚ್ಚು ಬಂದರೆ ಆಂಟೆನಾ ಉದ್ದವಾಗಿದೆ, ತುದಿಯ ತಿರುಪಿನಿಂದ ತಗ್ಗಿಸಬೇಕು. ೧ರಲ್ಲಿ ಹೆಚ್ಚು ಬಂದರೆ ಗಿಡ್ಡವಾಗಿದೆ, ಹಿಗ್ಗಿಸಬೇಕು. ಎರಡರಲ್ಲೂ ೩ಕ್ಕಿಂತ ಹೆಚ್ಚಿದ್ದರೆ ಉದ್ದವನ್ನು ಮುಟ್ಟದೆ ಲೋಹದ ಜೋಡಣೆಯನ್ನೂ ಕೇಬಲನ್ನೂ ಪರೀಕ್ಷಿಸಿ. ಅಲ್ಲಿಯವರೆಗೆ ಆ ಸೆಟ್ಟಿನಲ್ಲಿ ಮಾತನಾಡಬೇಡಿ, ಅದು ಸುಟ್ಟುಹೋಗಬಹುದು. ಜೊತೆಗೆ ಇನ್ನೊಂದು ಎಚ್ಚರಿಕೆ: ಓದು ಚೆನ್ನಾಗಿ ಬಂದಿತೆಂದ ಮಾತ್ರಕ್ಕೆ ಆಂಟೆನಾ ಒಳ್ಳೆಯದೆಂದು ಅರ್ಥವಲ್ಲ. ಪ್ರಯೋಗಶಾಲೆಯ ಡಮ್ಮಿ ಲೋಡ್ ಎಂಬ ಸಾಧನವು ಸರಿಯಾಗಿ ೧ ಎಂದೇ ತೋರಿಸುತ್ತದೆ, ಕೊಟ್ಟದ್ದನ್ನೆಲ್ಲ ಬಿಸಿಯಾಗಿ ನುಂಗುತ್ತದೆ, ಪಕ್ಕದ ಬೀದಿಗೂ ಕೇಳಿಸುವುದಿಲ್ಲ.

ಬಾಯಿಯ ವಿಚಾರವಾಯಿತು, ಇನ್ನು ಕಿವಿ. ಹಿಂದಿನ ಪೆಟ್ರೋಲ್ ಎಂಜಿನುಗಳ ಕಿಡಿಯೇ ರೇಡಿಯೋಗೆ ಮುಖ್ಯ ಶತ್ರುವಾಗಿತ್ತು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಆದರೆ ಈಗಿನ ವಾಹನದಲ್ಲಿ ಫೋನಿನ ಚಾರ್ಜರು, ಕ್ಯಾಮೆರಾ, ಎಲ್.ಇ.ಡಿ. ದೀಪ, ಇನ್ವರ್ಟರು ಎಂದು ಗದ್ದಲದ ಸಂತೆಯೇ ನೆರೆದಿರುತ್ತದೆ. ಅಗ್ಗದ ಚಾರ್ಜರ್ ಒಂದೇ ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸಬಲ್ಲದು, ಏಕೆಂದರೆ ದೂರದ ಕ್ಷೀಣ ದನಿಯು ಮೊದಲು ಮುಳುಗುವುದು ಈ ಗದ್ದಲದಲ್ಲಿಯೇ. ಸೆಟ್ಟನ್ನು ಹಚ್ಚಿ, ಒಂದೊಂದೇ ಉಪಕರಣವನ್ನು ಕಳಚುತ್ತ ಕಿವಿಗೊಟ್ಟರೆ ಅಪರಾಧಿ ಸಿಕ್ಕಿಬೀಳುತ್ತಾನೆ. ಸೆಟ್ಟಿಗೆ ವಿದ್ಯುತ್ತನ್ನು ಸಿಗರೇಟ್ ಲೈಟರಿನ ತೂತಿನಿಂದ ತೆಗೆದುಕೊಳ್ಳದೆ, ಫ್ಯೂಸ್ ಸಹಿತವಾಗಿ ನೇರ ಬ್ಯಾಟರಿಯಿಂದ ಎಳೆದುಕೊಳ್ಳುವುದು ಒಳ್ಳೆಯದು. ಸ್ಕ್ವೆಲ್ಚ್ ಎಂಬ ತಿರುಗಣಿಯನ್ನು ಗದ್ದಲ ನಿಲ್ಲುವಷ್ಟು ಮಾತ್ರ ತಿರುಗಿಸಬೇಕು. ನೆಮ್ಮದಿಗಾಗಿ ಹೆಚ್ಚು ತಿರುಗಿಸಿದರೆ ದೂರದವರ ದನಿಯೂ ಕಟ್ಟಿಹೋಗುತ್ತದೆ. ಎಷ್ಟೋ ಸೆಟ್ಟುಗಳು ಕೆಟ್ಟಿವೆ ಎಂದು ಮೂಲೆಗೆ ಬಿದ್ದಿರುವುದು ಈ ತಿರುಗಣಿಯ ದೆಸೆಯಿಂದ. ಮೈಕಿನಲ್ಲಿ ಕಿರುಚಬಾರದು, ತುಟಿಯಿಂದ ಎರಡು ಇಂಚು ದೂರ ಹಿಡಿದು, ಎಂದಿನ ದನಿಯಲ್ಲಿ, ನಿಧಾನವಾಗಿ ಮಾತನಾಡಬೇಕು. ಕಿರುಚಿದ ಮಾತು ದೂರ ಹೋಗುವುದಿಲ್ಲ, ಕಲಸುಮೇಲೋಗರವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆ. ಟೆಕ್ಸಾಸಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ಸಾವಿರ ಮೈಲಿ ದೂರದವನ ಮಾತು ಪಕ್ಕದಲ್ಲಿದ್ದಂತೆ ಕೇಳಿಸಿತಲ್ಲ ಎಂದು. ಅದೂ ನಿಜವೇ. ನಮ್ಮ ಎಳವೆಯಲ್ಲಿ ರೇಡಿಯೋ ಸಿಲೋನಿನ ಹಾಡುಗಳು ಕಿರುತರಂಗದಲ್ಲಿ ಕರ್ನಾಟಕದ ಮನೆಮನೆಗೂ ಬರುತ್ತಿದ್ದವು. ಅವು ನೆಲದ ಮೇಲೆ ನಡೆದು ಬಂದವಲ್ಲ, ಬಹು ಎತ್ತರದಲ್ಲಿರುವ ಅಯಾನುಗೋಳಕ್ಕೆ ಬಡಿದು ಕೆಳಕ್ಕೆ ಬಾಗಿ ಬಂದವು. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ೨೭ ಮೆಗಾಹರ್ಟ್ಸ್‌ನ ಅಲೆಯೂ ಹಗಲಿನಲ್ಲಿ ಹಾಗೆಯೇ ನೆಗೆಯುತ್ತದೆ. ಈ ಏರಿಳಿತ ಸುಮಾರು ೧೧ ವರ್ಷಗಳಿಗೊಮ್ಮೆ ಮರುಕಳಿಸುತ್ತದೆ. ಸೂರ್ಯನು ಈಗಿನ ಆವರ್ತದ ಶಿಖರದ ಅವಧಿಯನ್ನು ತಲಪಿದ್ದಾನೆಂದು ನಾಸಾ ಮುಂತಾದ ಸಂಸ್ಥೆಗಳು ೨೦೨೪ರ ಅಕ್ಟೋಬರಿನಲ್ಲಿ ಪ್ರಕಟಿಸಿದವು. ಆದರೆ ಇದನ್ನು ವ್ಯಾಪ್ತಿಯೆಂದು ಲೆಕ್ಕಕ್ಕೆ ಹಿಡಿಯಬಾರದು. ನೆಗೆದ ಅಲೆಯು ನಡುವಿನ ನೂರಾರು ಮೈಲಿಯನ್ನು ಹಾರಿಹೋಗುತ್ತದೆ. ಯಾವಾಗ ತೆರೆಯುವುದೋ, ಎಷ್ಟು ನಿಮಿಷ ನಿಲ್ಲುವುದೋ ಯಾರೂ ಭರವಸೆ ಕೊಡಲಾರರು. ಸಾಲದುದಕ್ಕೆ ಆ ಹೊತ್ತಿನಲ್ಲಿ ೧೯ನೆಯ ಚಾನೆಲಿನ ತುಂಬ ದೂರದೂರದ ದನಿಗಳು ನುಗ್ಗಿ, ಎರಡು ಮೈಲಿ ಮುಂದಿರುವ ಟ್ರಕ್ಕಿನವನ ಮಾತೇ ಮುಳುಗುತ್ತದೆ. ಸೂರ್ಯನು ಕೆರಳಿದ ದಿನ ನಮ್ಮ ಉಪಯುಕ್ತ ವ್ಯಾಪ್ತಿ ಹಿಗ್ಗುವುದಿಲ್ಲ, ಕುಗ್ಗುತ್ತದೆ.

ಹಾಗಾದರೆ ೫ ಮೈಲಿಯ ರೇಡಿಯೋದಿಂದ ಏನು ಪ್ರಯೋಜನ? ವಯೋಮಿಂಗ್ ರಾಜ್ಯದಲ್ಲಿ ಇಂಟರ್‌ಸ್ಟೇಟ್ ೮೦ರ ಮೇಲೆ ಲಾರಮಿಯಿಂದ ರಾಲಿನ್ಸ್‌ವರೆಗಿನ ದಾರಿಯನ್ನು ತೆಗೆದುಕೊಳ್ಳಿ. ಲಾರಮಿಯ ಪೂರ್ವಕ್ಕೆ ಶರ್ಮನ್ ಶಿಖರದಲ್ಲಿ ಆ ಹೆದ್ದಾರಿ ೮,೬೪೦ ಅಡಿ ಏರುತ್ತದೆ. ಪಶ್ಚಿಮಕ್ಕೆ ಎಲ್ಕ್ ಮೌಂಟನ್ ಬಳಿ ಚಳಿಗಾಲದ ಗಾಳಿ ನೆಲದ ಹಿಮವನ್ನೇ ಎತ್ತಿ ಕಣ್ಣಿಗೆ ಪರದೆ ಕಟ್ಟುತ್ತದೆ. ಗಂಟೆಗೆ ೬೫ ಮೈಲಿ ವೇಗದಲ್ಲಿ, ಪೂರ್ಣ ಭಾರ ಹೊತ್ತ ಟ್ರಕ್ಕು ನಿಲ್ಲಲು ೫೦೦ ಅಡಿಗೂ ಹೆಚ್ಚು ಬೇಕು. ಮುಂದೆ ವಾಹನಗಳು ಒಂದಕ್ಕೊಂದು ಬಡಿದು ನಿಂತಿವೆ ಎಂಬ ಮಾತು ೩ ಮೈಲಿ ಮೊದಲು ಕಿವಿಗೆ ಬಿದ್ದರೆ ಸುಮಾರು ಎರಡು ಮುಕ್ಕಾಲು ನಿಮಿಷ ಸಿಕ್ಕಿತು. ೫ ಮೈಲಿ ಮೊದಲಾದರೆ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು. ವೇಗ ತಗ್ಗಿಸಲು, ಮುಂದಿನ ಹೊರದಾರಿಗೆ ತಿರುಗಲು ಅಷ್ಟು ಸಾಕು. ಎದುರು ದಿಕ್ಕಿನಿಂದ ಬರುವವರು ತಾವು ಕಂಡುದನ್ನು ಹೊತ್ತು ತರುತ್ತಾರಾದ್ದರಿಂದ ಸುದ್ದಿ ಬಾಯಿಂದ ಬಾಯಿಗೆ ವ್ಯಾಪ್ತಿಗಿಂತ ಎಷ್ಟೋ ದೂರ ಪಯಣಿಸುತ್ತದೆ. ಆದರೆ ಆ ಎದುರಿನವನೊಡನೆ ಮಾತಿಗೆ ಸಮಯ ಕಡಿಮೆ: ಇಬ್ಬರದೂ ೬೫ ಮೈಲಿ ವೇಗವಾದರೆ, ೫ ಮೈಲಿ ವ್ಯಾಪ್ತಿಯಲ್ಲಿ ಸೇರಿ ಅಗಲುವುದರೊಳಗೆ ಐದು ನಿಮಿಷವೂ ಇರುವುದಿಲ್ಲ. ಮೊದಲು ಸ್ಥಳ, ಎಂದರೆ ಮೈಲಿಗಲ್ಲಿನ ಸಂಖ್ಯೆ ಮತ್ತು ದಿಕ್ಕು, ಆಮೇಲೆ ಸಂಗತಿ: ಈ ಕ್ರಮವನ್ನು ಮಕ್ಕಳಿಗೂ ಕಲಿಸಿಡಿ.

೯ನೆಯ ಚಾನೆಲ್ ತುರ್ತಿನದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅದು ಕಾನೂನಿನಲ್ಲಿ ಇದ್ದರೂ ಅಲ್ಲಿ ಯಾರಾದರೂ ಕಿವಿಗೊಟ್ಟಿರುತ್ತಾರೆಂದು ನೆಚ್ಚಬೇಡಿ. ಹೆದ್ದಾರಿಯಲ್ಲಿ ೧೯ರಲ್ಲಿಯೇ ಮೊದಲು ಕೂಗಿ. ಉತ್ತರ ಬಾರದಿದ್ದರೆ ಸೆಟ್ಟು ಕೆಟ್ಟಿದೆಯೆಂದು ಗಾಬರಿಯಾಗದೆ ಐದು ನಿಮಿಷಕ್ಕೊಮ್ಮೆ ಮತ್ತೆ ಕೂಗುತ್ತಿರಿ, ಏಕೆಂದರೆ ಅಷ್ಟರಲ್ಲಿ ನಿಮ್ಮ ವ್ಯಾಪ್ತಿಯೊಳಗೆ ಬೇರೆ ವಾಹನಗಳು ಬಂದಿರುತ್ತವೆ. ವಾಹನವನ್ನು ಅಲುಗಿಸಲು ಸಾಧ್ಯವಿದ್ದರೆ ತಗ್ಗಿನಿಂದ ಏರಿನ ಮೇಲಕ್ಕೆ ತಂದು ನಿಲ್ಲಿಸಿ; ಅದು ಯಾವ ಶಕ್ತಿವರ್ಧಕಕ್ಕಿಂತಲೂ ಹೆಚ್ಚಿನದು.

ಸಭೆಯ ಬಳಿಕ ಕೆಲವರು ಕೇಳುವ ಎರಡು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಕೊಟ್ಟುಬಿಡುತ್ತೇವೆ. ಎರಡು ಮೂರು ಕುಟುಂಬಗಳು ತಮ್ಮತಮ್ಮೊಳಗೆ ಮಾತನಾಡುವುದಷ್ಟೇ ಬೇಕಾದರೆ ಸಿ.ಬಿ.ಗಿಂತ ಜಿ.ಎಂ.ಆರ್.ಎಸ್. ಸೆಟ್ಟುಗಳು ಮೇಲು, ದನಿ ತಿಳಿ, ಆಂಟೆನಾ ಗೇಣುದ್ದ. ಅದಕ್ಕೆ ಪರೀಕ್ಷೆಯಿಲ್ಲದ ಪರವಾನಗಿ ಬೇಕು. ೨೦೨೨ರಿಂದ ಅದರ ಶುಲ್ಕ ೩೫ ಡಾಲರ್, ಹತ್ತು ವರ್ಷಗಳ ಅವಧಿ, ಹತ್ತಿರದ ಕುಟುಂಬದವರಿಗೂ ಅದೇ ಸಾಕು. ಆದರೆ ಅಪರಿಚಿತ ಟ್ರಕ್ ಚಾಲಕನ ಎಚ್ಚರಿಕೆಯ ಮಾತು ಅದರಲ್ಲಿ ಕೇಳಿಬರುವುದಿಲ್ಲ. ಎರಡನೆಯದು, ಈ ಸೆಟ್ಟನ್ನು ಊರಿಗೆ ಒಯ್ಯಬಹುದೇ ಎಂಬುದು. ಭಾರತದ ೨೦೦೫ರ ನಿಯಮವು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟುಕೊಟ್ಟಿದ್ದು ೨೬.೯೫೭ರಿಂದ ೨೭.೨೮೩ ಮೆಗಾಹರ್ಟ್ಸ್‌ವರೆಗೆ ಮಾತ್ರ. ಅಮೆರಿಕದ ಸೆಟ್ಟಿನ ೨೮ರಿಂದ ೪೦ರವರೆಗಿನ ಚಾನೆಲ್‌ಗಳು ಅದರಾಚೆ ಬೀಳುತ್ತವೆ. ಒಯ್ಯದಿರುವುದೇ ಮೇಲು.

ಕೊನೆಯದಾಗಿ ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆಯೊಂದಿದೆ. ಪ್ರಯಾಣಕ್ಕೆ ಒಂದು ವಾರ ಮೊದಲು, ಊರ ಹೊರಗಿನ ನೇರವಾದ ರಸ್ತೆಯಲ್ಲಿ ಒಂದು ವಾಹನವನ್ನು ನಿಲ್ಲಿಸಿ, ಇನ್ನೊಂದರಲ್ಲಿ ಮುಂದೆ ಸಾಗಿ. ಮೈಕು ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ. ಪ್ರತಿ ಅರ್ಧ ಮೈಲಿಗೆ ಅವರು ಒಂದರಿಂದ ಹತ್ತರವರೆಗೆ ಎಣಿಸಲಿ, ನಿಂತವರು ತಮಗೆ ಕೇಳಿಸಿದಷ್ಟನ್ನು ತಿರುಗಿ ಹೇಳಲಿ. ಹತ್ತರಲ್ಲಿ ಎಂಟು ಅಂಕಿಗಳು ತಿಳಿಯದಾದ ಕಡೆ ಓಡೋಮೀಟರನ್ನು ನೋಡಿಕೊಳ್ಳಿ. ಆಮೇಲೆ ಅದನ್ನೇ ಎಂಜಿನ್ ನಡೆಯುತ್ತಿರುವಾಗ, ಫೋನಿನ ಚಾರ್ಜರು ಸಿಕ್ಕಿಸಿರುವಾಗ ಇನ್ನೊಮ್ಮೆ ಮಾಡಿ. ಎರಡು ಸಂಖ್ಯೆಗಳಲ್ಲಿ ಚಿಕ್ಕದನ್ನು ಚೀಟಿಯಲ್ಲಿ ಬರೆದು ಸೆಟ್ಟಿನ ಪಕ್ಕದಲ್ಲಿ ಅಂಟಿಸಿ. ಬೆಟ್ಟದ ದಾರಿಗೆ ಹೊರಟಾಗ ಅದರ ಅರ್ಧವನ್ನು ಲೆಕ್ಕಕ್ಕೆ ಹಿಡಿಯಿರಿ.